ಚಾವಿ, ಬಟಾಟೆ, ಗಂಜಿ: ಅಮ್ಮನ ಜೊತೆ ಲಿಸ್ಬನ್ನಿನಲ್ಲಿ ಐದು ದಿನ

ಅಮ್ಮ ಹೊನ್ನಾವರದಿಂದ ಫ್ರಾಂಕ್‌ಫರ್ಟಿಗೆ ಬಂದು ಮೂರು ವಾರ ಆಗಿತ್ತು. ಮೂರು ವಾರವೂ ಮೋಡ. ಮೇ ಬಂದರೂ ಸ್ವೆಟರ್ ಬಿಚ್ಚುವ ಹಾಗಿರಲಿಲ್ಲ. "ನಿಮ್ಮೂರಿಗೆ ಸೂರ್ಯ ಬರೋದೇ ಇಲ್ವಾ ತಮಾ?" ಅಂತ ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಕೇಳುತ್ತಿದ್ದಳು. ಬಾಲ್ಕನಿಯಲ್ಲಿ ಹರವಿದ ಸೀರೆ ಎರಡು ದಿನವಾದರೂ ಒಣಗದಿದ್ದಾಗ ಅವಳ ತಾಳ್ಮೆ ಮುಗಿಯಿತು. ನನ್ನದೂ ಮುಗಿಯಿತು. ಪೋರ್ಚುಗಲ್ಲಿನ ಲಿಸ್ಬನ್ನಿಗೆ ಎರಡು ಟಿಕೆಟ್ ತೆಗೆದೆ. ಬಿಸಿಲು, ನೀರು, ಮೀನು, ಅಮ್ಮನಿಗೆ ಬೇಕಾದ ಮೂರೂ ಅಲ್ಲಿ ಸಿಗುತ್ತವೆ ಅನ್ನೋದಷ್ಟೇ ನನ್ನ ಲೆಕ್ಕ. ಆ ಊರಿಗೂ ನಮ್ಮೂರಿಗೂ ಐನೂರು ವರ್ಷದ ಹಳೇ ಬಾಕಿ ಇದೆ ಅನ್ನೋದು ಆಗ ನೆನಪಿಗೇ ಬಂದಿರಲಿಲ್ಲ. ಇದು 2023ರ ಮಾತು.

ಮೊದಲ ದಿನ, ಬುಧವಾರ

ವಿಮಾನ ಇಳಿಯುವಾಗ ಕೆಳಗೆ ಅಗಲವಾದ ನೀರು ಕಂಡಿತು. "ಸಮುದ್ರ ನೋಡು" ಅಂದೆ. ಅಮ್ಮ ಮೂಗು ಗಾಜಿಗೆ ಒತ್ತಿ ನೋಡಿದಳು. "ಸಮುದ್ರ ಅಲ್ಲ, ಅಳಿವೆ" ಅಂದಳು. ಅವಳು ಹೇಳಿದ್ದೇ ಸರಿ. ಇಂಗ್ಲಿಷಿನವರು ಟೇಗಸ್ ಅನ್ನುವ, ಇಲ್ಲಿಯವರು ತೇಜು ಅನ್ನುವ ನದಿ ಸಮುದ್ರ ಸೇರುವ ಮುಂಚೆ ಅಲ್ಲಿ ಹೊಟ್ಟೆ ಬಿಟ್ಟುಕೊಂಡು ಹರಡಿದೆ. ಶರಾವತಿ ಅಳಿವೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ನೀರಿನ ಬಣ್ಣ ನೋಡಿದರೆ ಸಾಕು.

ರೂಮು ಮಾಡಿದ್ದು ಅಲ್ಫಾಮದಲ್ಲಿ. ಊರಿನ ಅತಿ ಹಳೇ ಕೇರಿ. ಹೆಸರೇ ಅರಬಿ, ಬಿಸಿನೀರಿನ ಬುಗ್ಗೆ ಅಂತ ಅರ್ಥ. 1147ರವರೆಗೆ ಇಲ್ಲಿ ಅರಬಿ ಮಾತಾಡುವ ಮುಸ್ಲಿಂ ದೊರೆಗಳ ಆಳ್ವಿಕೆ ಇತ್ತು. ಟ್ಯಾಕ್ಸಿಯವನು ಗುಡ್ಡದ ಬುಡದಲ್ಲೇ ಇಳಿಸಿ ಮೇಲೆ ಕೈ ತೋರಿಸಿದ. ಮುಂದೆ ಕಾರು ಹೋಗುವುದಿಲ್ಲ. ಓಣಿ, ಮೆಟ್ಟಿಲು, ಮತ್ತೆ ಓಣಿ, ಮತ್ತೆ ಮೆಟ್ಟಿಲು. ಎಂಬತ್ತಮೂರು. ಎಣಿಸಿದ್ದು ಅಮ್ಮ, ಸೂಟ್‌ಕೇಸ್ ಹೊತ್ತದ್ದು ನಾನು.

ಲಿಸ್ಬನ್ನಿನ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಫುಟ್‌ಪಾತಿಗೆಲ್ಲ ಬೆಲ್ಲದ ಅಚ್ಚಿನಷ್ಟು ದೊಡ್ಡ ಸುಣ್ಣದಕಲ್ಲಿನ ತುಂಡುಗಳು. ಬಿಳಿ ಜಾಸ್ತಿ, ನಡುನಡುವೆ ಕಪ್ಪು ಕಲ್ಲಿನಲ್ಲಿ ಅಲೆ, ಹೂವು, ಹಡಗಿನ ಚಿತ್ರ. ಕೈಯಲ್ಲೇ ಸುತ್ತಿಗೆ ಹಿಡಿದು ಒಂದೊಂದನ್ನೂ ಕೆತ್ತಿ ಕೂರಿಸುತ್ತಾರೆ. ನೋಡಲು ರಂಗೋಲಿ. ನಡೆಯಲು? ಜನ ನಡೆದೂ ನಡೆದೂ ಎಣ್ಣೆ ಸವರಿದ ಹಾಗೆ ನುಣುಪಾಗಿದೆ. ಮಳೆ ಇಲ್ಲದೆಯೂ ಜಾರುತ್ತದೆ. ನಾನು ದುಡ್ಡು ಕೊಟ್ಟು ತಂದ ಬೂಟು ಹಾಕಿಕೊಂಡು ಎರಡನೇ ತಿರುವಿನಲ್ಲೇ ಕುಂಡೆ ಊರಿ ಬಿದ್ದೆ. ಅಮ್ಮ ರಬ್ಬರ್ ಚಪ್ಪಲಿಯಲ್ಲಿ ಆರಾಮಾಗಿ ಹತ್ತಿದಳು. ಆಷಾಢದಲ್ಲಿ ಪಾಚಿ ಕಟ್ಟಿದ ಚಿರೆಕಲ್ಲಿನ ಮೆಟ್ಟಿಲು ಇಳಿದು ಬಾವಿಯಿಂದ ನೀರು ತಂದವಳು. ಪಾದ ಅಡ್ಡ ಇಟ್ಟು, ಬೆರಳು ಒತ್ತಿ ನಡೆಯುವುದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮನೆ ಮೂರನೇ ಮಹಡಿ. ಬಾಗಿಲ ಪಕ್ಕ 'ಎಎಲ್' ಅಂತ ಪುಟ್ಟ ಫಲಕ. ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆ ಅಂತ ಗುರುತು. ಓಣಿಯಲ್ಲಿ ಎಣಿಸುತ್ತಾ ಹೋದರೆ ಮೂರು ಬಾಗಿಲಿಗೆ ಒಂದು ಇಂಥ ಫಲಕ. ಬಾಡಿಗೆ ಏರಿ ಹಳಬರು ಊರ ಹೊರಗೆ ಹೋಗುತ್ತಿದ್ದಾರೆ, ಸೂಟ್‌ಕೇಸಿನವರು ಒಳಗೆ ಬರುತ್ತಿದ್ದಾರೆ. ಎದುರು ಬಾಲ್ಕನಿಯಲ್ಲಿ ಅದನ್ನು ವಿರೋಧಿಸಿ ಬಟ್ಟೆಯ ಮೇಲೆ ಬರೆದು ತೂಗುಹಾಕಿದ್ದರು. ನಾವೂ ಸೂಟ್‌ಕೇಸಿನವರೇ. ಸ್ವಲ್ಪ ಮುಜುಗರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಬೀಗ ತೆಗೆದು ಒಳಗೆ ಹೋದೆವು.

ರಾತ್ರಿ ಹತ್ತಿರದ ಖಾನಾವಳಿಗೆ ಹೋದೆವು. ಕೂತ ತಕ್ಷಣ ಬ್ರೆಡ್, ಆಲಿವ್ ಕಾಯಿ, ಪುಟ್ಟದೊಂದು ಚೀಸು ತಂದಿಟ್ಟರು. "ಒಳ್ಳೇ ಜನ, ಕೇಳದೇ ಇಡ್ತಾರೆ" ಅಂತ ಅಮ್ಮ ಖುಷಿಯಿಂದ ತಿಂದಳು. ಉಪ್ಪಿನಕಾಯಿ ಇಡುವ ಹಾಗೆ ಅಂದುಕೊಂಡೆವು. ಬಿಲ್ಲಿನಲ್ಲಿ ಅದಕ್ಕೇ ಏಳು ಯೂರೋ. ಆಮೇಲೆ ಗೊತ್ತಾಯಿತು: ಬೇಡ ಅಂದರೆ ವಾಪಸ್ ಒಯ್ಯುತ್ತಾರೆ, ಮುಟ್ಟದಿದ್ದರೆ ದುಡ್ಡಿಲ್ಲ. ಮುಟ್ಟಿದರೆ ಮುಗಿಯಿತು.

ಊಟಕ್ಕೆ ಕೆಂಡದ ಮೇಲೆ ಸುಟ್ಟ ಸಾರ್ಡೀನ್. ತಟ್ಟೆ ಬಂದ ಕೂಡಲೇ ಅಮ್ಮ "ತಾರ್ಲೆ!" ಅಂದಳು. ಹೌದು, ತಾರ್ಲೆಯ ಹತ್ತಿರದ ಸಂಬಂಧಿ, ಮೈ ಮಾತ್ರ ಸ್ವಲ್ಪ ಜಾಸ್ತಿ. ಮೀನಿಗೆ ಮಸಾಲೆ ಇಲ್ಲ, ಬರೀ ಹರಳುಪ್ಪು. ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ. ಮಾಣಿ ಅದರ ಕಡೆ ಬೆರಳು ಮಾಡಿ, "ಬಟಾಟ, ಇನ್ನೂ ಬೇಕಾ?" ಅಂತ ಅರ್ಧ ಇಂಗ್ಲಿಷಿನಲ್ಲಿ ಕೇಳಿದ. ಅಮ್ಮ ನನ್ನ ಮುಖ ನೋಡಿದಳು. "ಬಟಾಟೆ ಅಂದ್ನಾ ಅವ?" ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಅಂತ ಯಾರೂ ಹೇಳುವುದಿಲ್ಲ, ಬಟಾಟೆಯೇ. ಗಡ್ಡೆಯನ್ನೂ ಹೆಸರನ್ನೂ ಒಟ್ಟಿಗೆ ತಂದು ಇಳಿಸಿದವರು ಇವರೇ ಅಂತ ಹೇಳಿದೆ. ಮೆಣಸಿನಕಾಯಿಯನ್ನೂ ಇವರ ಹಡಗೇ ತಂದದ್ದು ಅಂದೆ. ಅಮ್ಮ ಮೀನಿನ ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ದಳು. "ತಂದು ನಮಗೆ ಕೊಟ್ಟು, ತಾವು ತಿನ್ನೋಕೆ ಕಲೀಲೇ ಇಲ್ಲ ಅಲ್ವಾ?" ಅಂದಳು.

ಎರಡನೇ ದಿನ, ಗುರುವಾರ

ಬೆಳಿಗ್ಗೆ ಇಪ್ಪತ್ತೆಂಟನೇ ನಂಬರಿನ ಟ್ರಾಮು. ಎಲ್ಲರೂ ಹತ್ತುವುದು ಅದನ್ನೇ, ನಾವೂ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. 1930ರ ದಶಕದ ಹಳದಿ ಡಬ್ಬಿ, ಒಳಗೆಲ್ಲ ಮರ. ಓಣಿ ಎಷ್ಟು ಇಕ್ಕಟ್ಟು ಅಂದರೆ ಕಿಟಕಿಯಿಂದ ಕೈ ಹಾಕಿದರೆ ಗೋಡೆಯ ಮೇಲೆ ಒಣಗುವ ಚಡ್ಡಿ ಸಿಗುತ್ತದೆ. ಜೇಬುಗಳ್ಳರ ಬಗ್ಗೆ ಟ್ರಾಮಿನೊಳಗೇ ಬೋರ್ಡು. ಅಮ್ಮ ಅದನ್ನು ಓದದಿದ್ದರೂ ಚಿತ್ರ ನೋಡಿ ತನ್ನ ಎಲೆ-ಅಡಿಕೆ ಸಂಚಿಯನ್ನು ಸೊಂಟಕ್ಕೆ ಇನ್ನೊಂದು ಸುತ್ತು ಕಟ್ಟಿಕೊಂಡಳು. ಪಾಸ್‌ಪೋರ್ಟು ನನ್ನ ಹತ್ತಿರವಿತ್ತು. ಸಂಚಿಯಲ್ಲಿ ಇದ್ದದ್ದು ಅಡಿಕೆ ಹೋಳು, ಒಣಗಿದ ಎಲೆ, ಸುಣ್ಣದ ಡಬ್ಬಿ.

ಕೆಳಪೇಟೆಗೆ ಬಂದರೆ ಊರೇ ಬೇರೆ. ಅಲ್ಫಾಮದ ಓಣಿಗಳು ಹುರಿ ಬಿಚ್ಚಿದ ಹಗ್ಗದ ಹಾಗಿದ್ದರೆ ಇಲ್ಲಿ ಬೀದಿಗಳು ಅಡ್ಡಪಟ್ಟಿ ಇಟ್ಟು ಎಳೆದಷ್ಟು ನೇರ. ಚಿನ್ನದ ಬೀದಿ, ಬೆಳ್ಳಿ ಬೀದಿ, ಮೋಚಿಗಳ ಬೀದಿ ಅಂತ ಹೆಸರು, ಬೆಂಗಳೂರಿನ ಅಕ್ಕಿಪೇಟೆ ಬಳೇಪೇಟೆ ಇದ್ದ ಹಾಗೆ. ಕಾರಣ ಒಂದೇ ಬೆಳಗ್ಗೆ. 1755ರ ನವೆಂಬರ್ 1. ಸಕಲ ಸಂತರ ಹಬ್ಬ. ಒಂಬತ್ತೂವರೆ ದಾಟಿತ್ತು, ಜನ ಚರ್ಚುಗಳಲ್ಲಿದ್ದರು, ಎಲ್ಲ ಕಡೆ ಮೇಣದಬತ್ತಿ ಉರಿಯುತ್ತಿತ್ತು. ಭೂಮಿ ನಡುಗಿತು. ಚಾವಣಿಗಳು ಬಿದ್ದವು. ಬದುಕಿದವರು ಬಯಲು ಇದೆಯಲ್ಲ ಅಂತ ನದಿ ದಂಡೆಗೆ ಓಡಿದರು. ನೀರು ಹಿಂದೆ ಸರಿದು ತಳ ಕಂಡಿತು, ಆಮೇಲೆ ಗೋಡೆಯ ಹಾಗೆ ಎದ್ದು ಬಂತು. ಉಳಿದದ್ದನ್ನು ದಿನಗಟ್ಟಲೆ ಬೆಂಕಿ ತಿಂದಿತು.

ಪೊಂಬಾಲ್ ಅನ್ನುವ ಮಂತ್ರಿ ಊರನ್ನು ಹೊಸದಾಗಿ ಕಟ್ಟಿಸಿದ. ಅವನ ಇಂಜಿನಿಯರುಗಳು ಗೋಡೆಯೊಳಗೆ ಮರದ ಪಂಜರ ಇಟ್ಟರು. ಭೂಕಂಪವಾದರೆ ಮರ ಬಳುಕುತ್ತದೆ, ಕಲ್ಲು ಉದುರಿದರೂ ಮನೆ ನಿಲ್ಲುತ್ತದೆ. ಗಟ್ಟಿ ಇದೆಯಾ ಅಂತ ನೋಡಲು ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಕಾಲು ಅಪ್ಪಳಿಸುತ್ತಾ ನಡೆಸಿದರಂತೆ. ಇದನ್ನು ಹೇಳುವಾಗ ನಾನು ಚೌಕದ ನಡುವೆ ನಿಂತು ಕಾಲು ಅಪ್ಪಳಿಸಿ ತೋರಿಸಿದೆ. ಅಮ್ಮ ದೂರ ಸರಿದು ಬೇರೆಯವರ ಜೊತೆ ಬಂದವಳ ಹಾಗೆ ನಿಂತಳು.

ಆ ಬೆಳಗ್ಗೆ ಏನಾಯಿತು ಅಂತ ಕಣ್ಣಾರೆ ನೋಡಬೇಕಾದರೆ ಕಾರ್ಮು ಮಠಕ್ಕೆ ಹೋಗಬೇಕು. 1389ರಲ್ಲಿ ಕಟ್ಟಲು ಶುರುಮಾಡಿದ್ದು. ಚಾವಣಿ ಬಿದ್ದದ್ದನ್ನು ಮತ್ತೆ ಹೊದಿಸಲಿಲ್ಲ. ಕಲ್ಲಿನ ಕಮಾನುಗಳು ಮಾತ್ರ ನಿಂತಿವೆ, ದೊಡ್ಡ ಮೀನು ತಿಂದು ಬಿಟ್ಟ ಮುಳ್ಳಿನ ಹಾಗೆ. ನಡುವೆ ನೀಲಿ ಆಕಾಶ, ಕೆಳಗೆ ಹುಲ್ಲು. ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಅಮ್ಮನಿಗೆ ಅಲ್ಲ. "ಬಿದ್ದ ಮನೆ ಯಾರಾದ್ರೂ ಟಿಕೆಟ್ ಕೊಟ್ಟು ನೋಡ್ತಾರಾ?" ಅಂದಳು.

ಸಂಜೆ ಗ್ಲೋರಿಯಾ ಅನ್ನುವ ಹಳದಿ ಬಂಡಿಯಲ್ಲಿ ಗುಡ್ಡ ಹತ್ತಿದೆವು. ಕೇಬಲ್ಲಿನಲ್ಲಿ ಎಳೆಯುವ ಎರಡು ಬಂಡಿ, ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ಶುರುವಾದದ್ದು 1885ರಲ್ಲಿ. ಅಮ್ಮ ಮಗುವಿನ ಹಾಗೆ ನಗುತ್ತಿದ್ದ ಫೋಟೋ ನನ್ನ ಫೋನಿನಲ್ಲಿದೆ. 2025ರ ಸೆಪ್ಟೆಂಬರ್ 3ರಂದು ಅದೇ ಗ್ಲೋರಿಯಾದ ಬಂಡಿ ಕೇಬಲ್ ಕಳಚಿ ಇಳಿಜಾರಿನಲ್ಲಿ ನುಗ್ಗಿ ಬಿತ್ತು. 16 ಜನ ಸತ್ತರು. ಸುದ್ದಿ ನೋಡಿದ ದಿನ ಆ ಫೋಟೋ ತೆಗೆದು ಎಷ್ಟೋ ಹೊತ್ತು ನೋಡಿದೆ.

ಗುರುವಾರದ ಮುಖ್ಯ ಸಂಗತಿ ನಡೆದದ್ದು ರಾತ್ರಿ ಹತ್ತೂವರೆಗೆ. ನಾನು ಕಸದ ಚೀಲ ಹಿಡಿದು ಹೊರಗೆ ಬಂದೆ. ಯಾರದೋ ಹಾಡು ಕೇಳಿಸುತ್ತದೆ ಅಂತ ಅಮ್ಮನೂ ನೈಟಿಯ ಮೇಲೆ ಟವೆಲ್ ಹೊದ್ದು ಬಾಗಿಲಾಚೆ ಬಂದಳು. ನದಿ ಕಡೆಯಿಂದ ಒಂದು ಗಾಳಿ. ಧಡ್. ಬಾಗಿಲು ಹಾಕಿಕೊಂಡಿತು. ಅದು ಹೊರಗಿನಿಂದ ಹಿಡಿಕೆ ತಿರುಗಿಸಿದರೆ ತೆರೆಯುವ ಬಾಗಿಲಲ್ಲ. ಕೀಲಿಕೈ ಒಳಗೆ. ಫೋನು ಒಳಗೆ. ನನ್ನ ಬುದ್ಧಿಯೂ ಒಳಗೇ ಉಳಿದಿತ್ತು ಅಂತ ಕಾಣುತ್ತದೆ, ಬಾಗಿಲಿಗೆ ಭುಜ ಕೊಟ್ಟು ಎರಡು ಸಲ ಗುದ್ದಿದೆ. ಭುಜ ನೋವಾಯಿತು.

ಕೆಳಗಿನ ಮನೆಯ ಅಜ್ಜಿ ಸದ್ದು ಕೇಳಿ ಬಾಗಿಲು ತೆಗೆದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಕೈ ಆಡಿಸಿದೆ, ಬಾಗಿಲು ತೋರಿಸಿದೆ, ಗಾಳಿ ಬೀಸುವ ಅಭಿನಯ ಮಾಡಿದೆ. ಅವರು ತಲೆ ಅಲ್ಲಾಡಿಸಿದರು. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಮೂರು ಬೆರಳು ಕೂಡಿಸಿ ತಿರುಗಿಸುತ್ತಾ, "ಚಾವಿ. ಚಾವಿ ಒಳಗೆ" ಅಂದಳು.

"ಆಹ್! ಶಾವ್!"

ಅಜ್ಜಿ ಒಳಗೆ ಹೋಗಿ ಗೋಡೆಯ ಮೊಳೆಯಿಂದ ಒಂದು ಗೊಂಚಲು ತಂದರು. ಮನೆ ಮಾಲೀಕರು ಇಂಥದ್ದಕ್ಕೇ ಅಂತ ಅವರ ಹತ್ತಿರ ಒಂದು ಜೊತೆ ಇಟ್ಟಿದ್ದರು. ಬಾಗಿಲು ತೆರೆಯಿತು. ಆದರೆ ಅವರಿಬ್ಬರೂ ಅಲ್ಲಿಂದ ಕದಲಲಿಲ್ಲ. ಅಮ್ಮ ಮೆಟ್ಟಿಲ ಪಕ್ಕದ ಬಕೆಟ್ ತೋರಿಸಿ "ಬಾಲ್ದಿ" ಅಂದಳು. ಅಜ್ಜಿ "ಬಾಲ್ದ್" ಅಂದರು. ಕಿಟಕಿಗೆ ಅಮ್ಮ ಪಕ್ಕದಮನೆ ಕೊಂಕಣಿಯಲ್ಲಿ "ಜನೆಲ್" ಅಂದಳು. ಅಜ್ಜಿ "ಝನೆಲಾ" ಅಂದು ಅಮ್ಮನ ಕೈ ಹಿಡಿದುಕೊಂಡರು. ನಾನು ಪಾದ್ರಿ, ಅಲಮಾರು ಅಂತ ಸೇರಿಸಿದೆ. ರಾತ್ರಿ ಹನ್ನೊಂದು ಗಂಟೆಗೆ, ನೈಟಿಯಲ್ಲಿ, ಮರದ ಮೆಟ್ಟಿಲ ಮೇಲೆ ನಿಂತು ಇಬ್ಬರು ಹೆಂಗಸರು ಹತ್ತು ಪದದಲ್ಲಿ ಸಂಸಾರದ ಸಾಮಾನೆಲ್ಲ ಎಣಿಸಿ ಮುಗಿಸಿದರು.

ಆಮೇಲೆ ಓದಿ ತಿಳಿದ ಒಂದು ವಿಷಯ ನನಗೆ ಇನ್ನೂ ರೋಮಾಂಚನ. ಈಗ ಲಿಸ್ಬನ್ನಿನವರು ಈ ಪದವನ್ನು 'ಶಾವ್' ಅನ್ನುತ್ತಾರೆ. ಆದರೆ ಐನೂರು ವರ್ಷದ ಹಿಂದೆ ಅವರೂ 'ಚ' ಅಂತಲೇ ಹೇಳುತ್ತಿದ್ದರು. ಅವರ ನಾಲಿಗೆ ಬದಲಾಯಿತು, ನಮ್ಮದು ಬದಲಾಗಲಿಲ್ಲ. ಹಡಗಿನಿಂದ ಇಳಿದವರು ಹೇಳಿದ ಚಕಾರವನ್ನು ಅಮ್ಮ ಹಾಗೇ ಕಾಪಾಡಿಕೊಂಡು ಬಂದು ಅವರ ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು.

ಡ್ರಾಯರಿನಲ್ಲಿ ಇನ್ನೊಂದು ಚಾವಿ ಇತ್ತು. ಆ ರಾತ್ರಿಯಿಂದಲೇ ಅದು ಅಮ್ಮನ ಸಂಚಿಗೆ ಹೋಯಿತು. "ನಿನ್ನ ನಂಬಿದ್ರೆ ಆಯ್ತು" ಅಂದಳು.

ಮೂರನೇ ದಿನ, ಶುಕ್ರವಾರ

ಬೆಲೇಂ. ಊರಿನ ಪಶ್ಚಿಮ ತುದಿ, ನದಿ ಸಮುದ್ರಕ್ಕೆ ಬಾಯಿ ತೆರೆಯುವ ಕಡೆ. 1497ರ ಜುಲೈ 8ರಂದು ವಾಸ್ಕೋ ಡ ಗಾಮ ಹೊರಟದ್ದು ಇಲ್ಲಿಂದ. ಮುಂದಿನ ಮೇ ತಿಂಗಳಿಗೆ ಕ್ಯಾಲಿಕಟ್. ಇಷ್ಟನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ.

ಜೆರೋನಿಮುಸ್ ಮಠದ ಮುಂದೆ ಅಮ್ಮ ಬಾಯಿ ತೆರೆದು ನಿಂತಳು. ಹಳದಿ ಛಾಯೆಯ ಕಲ್ಲು, ಬೆಳಗಿನ ಬಿಸಿಲಿಗೆ ತುಪ್ಪ ಸವರಿದ ಹಾಗೆ. ಬಾಗಿಲಲ್ಲಿ ಇಂಚಿಂಚೂ ಕೆತ್ತನೆ. ಹಗ್ಗದ ಗಂಟು, ಹವಳ, ಎಲೆ, ಬಳ್ಳಿ. ಒಳಗೆ ಕಂಬಗಳು ತೆಂಗಿನ ಮರದ ಹಾಗೆ ಎದ್ದು ಮೇಲೆ ಗರಿ ಬಿಚ್ಚುತ್ತವೆ. 1501ರಲ್ಲಿ ಕೆಲಸ ಶುರುವಾಯಿತು. ಭೂಕಂಪಕ್ಕೂ ಬೀಳಲಿಲ್ಲ. ದುಡ್ಡು ಎಲ್ಲಿಂದ ಬಂತು ಅಂದರೆ, ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ರಾಜ ಹಾಕಿದ ನೂರಕ್ಕೆ ಐದರ ಸುಂಕದಿಂದ. ಪೂರ್ವದ ವ್ಯಾಪಾರ ಅಂದರೆ ಹೆಚ್ಚಿನದೆಲ್ಲ ಕಾಳುಮೆಣಸು.

"ಯಾರ ಮೆಣಸು?" ಅಂದಳು ಅಮ್ಮ.

ಅಲ್ಲಿಂದ ನನ್ನ ಪ್ರವಚನ ಶುರುವಾಯಿತು. ಮಲಬಾರಿನ ಮೆಣಸು, ನಮ್ಮ ಕಡೆಯ ಮೆಣಸು. ಇವರ ಬರಹಗಳಲ್ಲಿ ನಮ್ಮೂರು 'ಓನೋರ್'. 1505ರಲ್ಲಿ ಮೊದಲ ವೈಸ್‌ರಾಯ್ ಅಲ್ಮೇಡ ಹೊನ್ನಾವರದ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟ. ಐದೇ ವರ್ಷಕ್ಕೆ, 1510ರಲ್ಲಿ, ಅದೇ ಹೊನ್ನಾವರದ ಹಡಗುಪಡೆಯ ನಾಯಕ ತಿಮೋಜ ಇವರ ಗವರ್ನರ್ ಅಲ್ಬುಕರ್ಕನಿಗೆ ಗೋವೆ ಹಿಡಿಯಲು ದಾರಿ ತೋರಿಸಿದ. ಯಾರು ಯಾರ ಕಡೆ ಅನ್ನೋದು ಆಗಲೂ ಅಷ್ಟು ಸುಲಭ ಇರಲಿಲ್ಲ. 1569ರಲ್ಲಿ ಹೊನ್ನಾವರದ ಕೋಟೆಯೇ ಇವರ ಕೈಗೆ ಹೋಯಿತು. ಆ ಕಾಲದಲ್ಲೇ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ. ಇವರು ಅವಳಿಗೆ ಇಟ್ಟ ಹೆಸರು 'ಮೆಣಸಿನ ರಾಣಿ'. ಗೇರುಸೊಪ್ಪೆ ಅಂದ ಕೂಡಲೇ ಅಮ್ಮನ ಕಿವಿ ನೆಟ್ಟಗಾಯಿತು. ಸೋದರಮಾವನ ತೋಟ ಇರುವುದು ಅಲ್ಲೇ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯಿಂದ ಚಿಕ್ಕವಳಿದ್ದಾಗ ಅವಳೂ ಕರೆ, ಅಂದರೆ ಮೆಣಸಿನ ತೆನೆ, ಬಿಡಿಸಿದ್ದಾಳೆ.

ಚರ್ಚಿನ ಬಾಗಿಲು ದಾಟಿದ ತಕ್ಷಣ ಎಡಕ್ಕೆ ಗಾಮನ ಸಮಾಧಿ. ಅವನು ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ. ಮೊದಲು ಅಲ್ಲೇ ಹೂಳಿದ್ದರು. ಎಲುಬುಗಳನ್ನು ಇಲ್ಲಿಗೆ ತಂದದ್ದು ಎಷ್ಟೋ ಕಾಲದ ಮೇಲೆ. ಬಿಳಿ ಕಲ್ಲಿನಲ್ಲಿ ಉದ್ದಕ್ಕೆ ಮಲಗಿದ್ದಾನೆ, ಎದೆ ಮೇಲೆ ಕೈ ಜೋಡಿಸಿ. ಪೆಟ್ಟಿಗೆಯ ಬದಿಗೆ ಪುಟ್ಟ ಹಡಗಿನ ಕೆತ್ತನೆ. ಸುತ್ತ ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಅಮ್ಮ ಹತ್ತಿರ ಹೋಗಿ, ದೇವಸ್ಥಾನದಲ್ಲಿ ನಿಲ್ಲುವ ಹಾಗೆ ಸೆರಗು ಸರಿಮಾಡಿಕೊಂಡು, ಅವನ ಮುಖವನ್ನೇ ನೋಡಿದಳು.

"ಕೈ ಮುಗಿದು ಮಲಗಿದಾನಲ್ಲ ತಮಾ. ಯಾರ ಹತ್ರ ತಪ್ಪಾಯ್ತು ಅಂತಾನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಜನರ ಸಮೇತ ಸುಟ್ಟವನು ಇವನೇ ಅಂತ ಮಾತ್ರ ಹೇಳಿದೆ. ಅಮ್ಮ ಇನ್ನೊಂದು ಮಾತಾಡದೆ ಹೊರಗೆ ಬಂದಳು.

ನದಿ ದಂಡೆಯಲ್ಲಿ 52 ಮೀಟರ್ ಎತ್ತರದ ಕಲ್ಲಿನ ಹಡಗಿನಂಥ ಸ್ಮಾರಕ ಇದೆ. 1960ರಲ್ಲಿ ಕಟ್ಟಿದ್ದು, ಸಾಲಾಜಾರನ ಸರ್ವಾಧಿಕಾರದ ಕಾಲ. ಅದರ ಗತ್ತು ನೋಡಿದರೆ ಯಾರ ಕಾಲದ್ದು ಅಂತ ಕೇಳಬೇಕಾಗಿಲ್ಲ. ನನಗೆ ಸೇರಲಿಲ್ಲ. ಆದರೆ ಅದರ ಮುಂದಿನ ನೆಲದಲ್ಲಿ ಬಣ್ಣದ ಕಲ್ಲಿನ ದೊಡ್ಡ ಭೂಪಟ ಇದೆ, ಇವರ ಹಡಗು ಎಲ್ಲೆಲ್ಲಿ ಯಾವ ವರ್ಷ ಮುಟ್ಟಿತು ಅಂತ. ಅಮ್ಮ ಚಪ್ಪಲಿ ಕಳಚಿ ಇಂಡಿಯಾದ ಪಶ್ಚಿಮ ಕರಾವಳಿಯ ಮೇಲೆ ನಿಂತು ಹೊನ್ನಾವರ ಹುಡುಕಿದಳು. ಸಿಗಲಿಲ್ಲ. ಬಿಸಿಲಿಗೆ ಕಲ್ಲು ಕಾದಿತ್ತು, ಕುಣಿಯುತ್ತಾ ವಾಪಸ್ ಬಂದಳು.

ಬೆಲೇಂ ಗೋಪುರದ ಒಳಗೆ ಹೋಗಲು ಸಾಲು ತುಂಬಾ ಉದ್ದ. ನಾವು ಹೊರಗಿನಿಂದ ಹುಡುಕಿದ್ದು ಒಂದೇ ಒಂದು, ಕಾವಲುಗೂಡಿನ ಬುಡದಲ್ಲಿ ಕೆತ್ತಿದ ಘೇಂಡಾಮೃಗದ ತಲೆ. ಗಾಳಿ ಮಳೆಗೆ ಸವೆದು ಈಗ ಹಂದಿಯೋ ಘೇಂಡಾವೋ ಗೊತ್ತಾಗುವುದಿಲ್ಲ. ಅದರ ಕಥೆ ಮಾತ್ರ ಸವೆದಿಲ್ಲ. ಗುಜರಾತಿನ ಸುಲ್ತಾನ ಅಲ್ಬುಕರ್ಕನಿಗೆ ಕಳಿಸಿದ ಜೀವಂತ ಘೇಂಡಾ. ಗೋವೆಯಿಂದ ಹಡಗು ಹತ್ತಿಸಿದರು, 1515ರ ಮೇ 20ಕ್ಕೆ ಲಿಸ್ಬನ್ನಿಗೆ ಬಂತು. ರೋಮನರ ಕಾಲದ ನಂತರ ಯುರೋಪಿನವರು ಅಂಥ ಪ್ರಾಣಿಯನ್ನೇ ಕಂಡಿರಲಿಲ್ಲ. ಇಲ್ಲಿಯೂ ಅದನ್ನು 'ಗಂಡ' ಅಂತಲೇ ಕರೆದರು, ನಮ್ಮ ಘೇಂಡಾ. ರಾಜ ಮನುವೆಲ್ ಅದನ್ನು ಆನೆಯ ಜೊತೆ ಕಾದಾಟಕ್ಕೆ ಬಿಟ್ಟ. ಆನೆ ಓಡಿಹೋಯಿತು. ಮುಂದೆ ಪೋಪನಿಗೆ ಕಾಣಿಕೆ ಅಂತ ರೋಮಿಗೆ ಕಳಿಸಿದ. ಇಟಲಿಯ ಹತ್ತಿರ ಹಡಗು ಮುಳುಗಿತು. ಸರಪಳಿ ಹಾಕಿ ಕಟ್ಟಿದ್ದರಿಂದ ಈಜಲು ಆಗದೆ ಸತ್ತಿತು.

"ಪಾಪ" ಅಂದಳು ಅಮ್ಮ. ಗಾಮನ ಎದುರು ಬಾರದ ಮಾತು ಘೇಂಡಾಕ್ಕೆ ಬಂತು.

ಬೆಲೇಂಗೆ ಹೋಗಿ ಪಾಸ್ತೆಲ್ ತಿನ್ನದೆ ಬಂದರೆ ಯಾರೂ ಕ್ಷಮಿಸುವುದಿಲ್ಲ. 1837ರಿಂದ ಒಂದೇ ಅಂಗಡಿ, ಒಳಗೆ ನೀಲಿ ಬಿಳಿ ಟೈಲ್ಸಿನ ಕೋಣೆಗಳು ಒಂದರ ಹಿಂದೆ ಒಂದು. ಮಠದವರು ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರು, ಉಳಿದ ಹಳದಿಯಿಂದ ಈ ತಿಂಡಿ ಹುಟ್ಟಿತು ಅಂತ ಕಥೆ. ಅಂಗೈ ತುಂಬುವ ಬಟ್ಟಲು. ಹೊರಗಿನ ಪದರ ಚಿರೋಟಿಗಿಂತ ತೆಳು, ಕಚ್ಚಿದರೆ ಪುಡಿಪುಡಿಯಾಗಿ ಸೆರಗಿನ ಮೇಲೆ. ಒಳಗೆ ಬಿಸಿ ಕಸ್ಟರ್ಡು, ನಮ್ಮ ಹಾಲುಬಾಯಿಯಷ್ಟು ಮೆದು. ಮೇಲೆ ಅಲ್ಲಲ್ಲಿ ಸುಟ್ಟ ಕಪ್ಪು ಗುಳ್ಳೆ. ಆ ಕಪ್ಪೇ ರುಚಿ. ಮೇಜಿನ ಮೇಲಿಟ್ಟ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಅಮ್ಮ ಮೊದಲನೆಯದನ್ನು ಅನುಮಾನದಿಂದ ತಿಂದಳು, ಎರಡನೆಯದನ್ನು ಮಾತಾಡದೆ, ಮೂರನೆಯದು ನನ್ನ ತಟ್ಟೆಯಿಂದ.

ನಾಲ್ಕನೇ ದಿನ, ಶನಿವಾರ

ಮೂರನೆಯದು ಜಾಸ್ತಿಯಾಗಿತ್ತು. ಬೆಳಿಗ್ಗೆ ಅಮ್ಮನ ಹೊಟ್ಟೆ ಸರಿ ಇರಲಿಲ್ಲ. "ನೀನು ಹೋಗಿ ಬಾ, ನಾ ಮಲಗ್ತೆ" ಅಂದಳು. ಮೇಲಿನ ಸಾಂತಾ ಕ್ಲಾರಾ ಬಯಲಲ್ಲಿ ಮಂಗಳವಾರ, ಶನಿವಾರ ಹಳೇ ಸಾಮಾನಿನ ಸಂತೆ. ಹೆಸರು 'ಕಳ್ಳ ಹೆಂಗಸಿನ ಸಂತೆ'. ಚಾದರದ ಮೇಲೆ ಹಳೇ ಕ್ಯಾಮೆರಾ, ಹಿತ್ತಾಳೆ ನಲ್ಲಿ, ಯಾರದೋ ಮದುವೆ ಫೋಟೋ, ಮತ್ತೆ ರಾಶಿ ರಾಶಿ ಟೈಲ್ಸು. ಕೈಯಲ್ಲಿ ಬರೆದ ನೀಲಿ ಹೂವಿನ ಹಳೇ ತುಂಡೊಂದು ಹಿಡಿಸಿತು. ಆದರೆ ಹಿಂಬದಿಗೆ ಗೋಡೆಯ ಗಾರೆ ಇನ್ನೂ ಅಂಟಿತ್ತು. ಹಳೇ ಮನೆಗಳ ಗೋಡೆಯಿಂದ ಟೈಲ್ಸು ಕಿತ್ತು ಮಾರುವುದು ಈ ಊರಿನ ದೊಡ್ಡ ತಲೆನೋವು. ಅಲ್ಲೇ ಇಟ್ಟೆ.

ಅಲ್ಲಿಂದ ಟೈಲ್ಸಿನ ಮ್ಯೂಸಿಯಂ, 1509ರ ಮಠದ ಕಟ್ಟಡ. ಅಲ್ಲಿ ಸುಮಾರು 23 ಮೀಟರ್ ಉದ್ದದ ಒಂದು ಟೈಲ್ಸಿನ ಚಿತ್ರ ಇದೆ, ಭೂಕಂಪದ ಮುಂಚಿನ ಲಿಸ್ಬನ್ ಇಡೀ ನದಿ ದಂಡೆ. ನೀಲಿ ಒಂದೇ ಬಣ್ಣ. ಬಿದ್ದುಹೋದ ಅರಮನೆ, ಬಿದ್ದುಹೋದ ಚರ್ಚು, ದಂಡೆಯಲ್ಲಿ ಬಟ್ಟೆ ಒಗೆಯುವವರು. ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ನಡೆದೆ.

ಮಧ್ಯಾಹ್ನ ಬಂದು ನೋಡಿದರೆ ಅಮ್ಮ ಕೆಳಗಿನ ಅಜ್ಜಿಯ ಅಡುಗೆಮನೆಯಲ್ಲಿ ಕೂತಿದ್ದಾಳೆ. ಮುಂದೆ ಬಟ್ಟಲು. ಅದರಲ್ಲಿ ಬಿಳಿ ಸಾರು, ಬೆಂದ ಅನ್ನದ ಅಗುಳು, ಕೋಳಿಯ ಎಳೆ, ಒಂದೆರಡು ಪುದೀನ ಎಲೆ, ನಿಂಬೆಹುಳಿ. ಹೊಟ್ಟೆ ಕೆಟ್ಟಿದೆ ಅಂತ ಸನ್ನೆಯಲ್ಲೇ ಹೇಳಿದಳಂತೆ. ಅಜ್ಜಿ ನನ್ನನ್ನೂ ಕೂರಿಸಿ, ಚಮಚದಿಂದ ಬಟ್ಟಲು ತಟ್ಟಿ "ಕಾಂಜ" ಅಂದರು.

"ಗಂಜಿ ಅಂತಿದಾರೆ" ಅಂದಳು ಅಮ್ಮ, ನನಗೆ ಅನುವಾದ ಮಾಡುವವಳ ಹಾಗೆ.

ಇದು ಉಲ್ಟಾ ದಾರಿಯಲ್ಲಿ ಬಂದ ಪದ. ನಮ್ಮ ಕರಾವಳಿಯಿಂದ ಹಡಗು ಹತ್ತಿ ಇವರ ಮನೆ ಸೇರಿದ್ದು. ಮಲಯಾಳಿಗಳ ಕಂಜಿ, ನಮ್ಮ ಗಂಜಿ, ಇವರ ಕಾಂಜ. ಕೋಳಿ ಸೇರಿಕೊಂಡದ್ದು ಬಿಟ್ಟರೆ ಕೆಲಸವೂ ಅದೇ. ಹುಷಾರಿಲ್ಲದಿದ್ದಾಗ, ಬಾಣಂತಿಗೆ, ಮುದುಕರಿಗೆ. ಅಮ್ಮ ಸಂಚಿ ಬಿಚ್ಚಿ ಅಜ್ಜಿಗೆ ಒಂದು ಅಡಿಕೆ ಹೋಳು ಕೊಟ್ಟಳು. ಅಜ್ಜಿ ಬಾಯಿಗೆ ಹಾಕಿಕೊಂಡು ಮುಖ ಹಿಂಡಿ, ಮರ್ಯಾದೆಗೆ ಇನ್ನೂ ನಾಲ್ಕು ಸಲ ಅಗಿದು, ಒರೆಸುವ ಬಟ್ಟೆಯಲ್ಲಿ ಮೆಲ್ಲಗೆ ಉಗಿದರು. ಇಬ್ಬರೂ ನೋಡದ ಹಾಗೆ ಇದ್ದರು.

ರಾತ್ರಿ ಓಣಿಯ ಮೂಲೆಯ ಹೋಟೆಲಿನಲ್ಲಿ ಫಾದು ಹಾಡು. ದೀಪ ತಗ್ಗಿಸುತ್ತಾರೆ, ಹಾಡುವಾಗ ಯಾರೂ ತಟ್ಟೆ ಸದ್ದು ಮಾಡುವ ಹಾಗಿಲ್ಲ. ಹನ್ನೆರಡು ತಂತಿಯ ಗಿಟಾರು, ಕಪ್ಪು ಶಾಲು ಹೊದ್ದ ಹೆಂಗಸು. ಅಮ್ಮ ಮೊದಲ ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ಗಂಡ ಸಮುದ್ರಕ್ಕೆ ಹೋಗಿ ಬರಲಿಲ್ವಾ?" ನನಗೆ ಭಾಷೆ ಗೊತ್ತಿಲ್ಲ. ಇರಬಹುದು ಅಂದೆ.

ಐದನೇ ದಿನ, ಭಾನುವಾರ

ಬೆಳಿಗ್ಗೆ ದೋಣಿ ಹತ್ತಿ ಆಚೆ ದಂಡೆಯ ಕಸೀಲ್ಯಾಸಿಗೆ ಹೋಗಿ ಬಂದೆವು. ಹತ್ತು ನಿಮಿಷದ ದಾರಿ. ಬಲಗಡೆ ದೊಡ್ಡ ಕೆಂಪು ತೂಗುಸೇತುವೆ. 1966ರಲ್ಲಿ ತೆರೆದಾಗ ಸಾಲಾಜಾರನ ಹೆಸರಿತ್ತು. 1974ರ ಏಪ್ರಿಲ್ 25ರಂದು ಸೈನಿಕರು ಆ ಸರಕಾರ ಉರುಳಿಸಿದರು, ಜನ ಅವರ ಬಂದೂಕಿನ ಬಾಯಿಗೆ ಹೂವು ಸಿಕ್ಕಿಸಿದರು. ಸೇತುವೆಗೆ ಈಗ ಆ ದಿನಾಂಕದ್ದೇ ಹೆಸರು. ಗೋವೆ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡದ್ದೂ ಆಮೇಲೆಯೇ.

ಹಿಂದಿನ ಸಂಜೆ ಆರ್ಸೆನಾಲ್ ಬೀದಿಯ ಹಳೇ ಅಂಗಡಿಯಲ್ಲಿ ಅಮ್ಮ ಬಾಕಲ್ಯಾವ್ ಕೊಂಡಿದ್ದಳು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ಹಲಗೆಯ ಹಾಗೆ ಗಟ್ಟಿ, ಅಂಗಡಿಯವನು ಗರಗಸದಂಥ ಯಂತ್ರದಲ್ಲಿ ಕೊಯ್ದು ಕೊಟ್ಟ. ತಮಾಷೆ ಅಂದರೆ ಈ ಮೀನು ಇವರ ಸಮುದ್ರದಲ್ಲಿ ಸಿಗುವುದೇ ಇಲ್ಲ, ನಾರ್ವೆ ಕಡೆಯಿಂದ ಬರುತ್ತದೆ. ಅಂಗಡಿ ಹೊಕ್ಕ ಕೂಡಲೇ ಅಮ್ಮ ಕಣ್ಣು ಮುಚ್ಚಿ ಉಸಿರೆಳೆದಳು. ಮಳೆಗಾಲಕ್ಕೆ ಅಂತ ಒಣ ಶೆಟ್ಲಿ, ಒಣ ಬಂಗಡೆ ತುಂಬಿಡುವ ನಮ್ಮನೆ ಅಟ್ಟದ ವಾಸನೆ. ಒಂದು ದಿನ ಪೂರ್ತಿ ನೀರಲ್ಲಿ ನೆನೆಹಾಕಬೇಕು, ನೀರು ಬದಲಿಸುತ್ತಾ ಇರಬೇಕು ಅಂತ ಅಂಗಡಿಯವನು ಬೆರಳು ಮಡಚಿ ಹೇಳಿಕೊಟ್ಟ. "ನಂಗೇ ಹೇಳ್ತಾನೆ ನೋಡು" ಅಂದಳು.

ಹೊರಡುವಾಗ ಅಜ್ಜಿ ಮನೆಯಲ್ಲಿ ಇರಲಿಲ್ಲ, ಚರ್ಚಿಗೆ ಹೋಗಿದ್ದರು. ಅಮ್ಮ ಒಂದು ಗೇರುಬೀಜದ ಪೊಟ್ಟಣ ಬಾಗಿಲ ಹಿಡಿಕೆಗೆ ನೇತುಹಾಕಿದಳು. ನಾನು ಬೀಗ ಹಾಕಿ, ಚಾವಿಯನ್ನು ನಂಬರಿನ ಡಬ್ಬಿಯಲ್ಲಿಟ್ಟೆ. ಎಂಬತ್ತಮೂರು ಮೆಟ್ಟಿಲು ಇಳಿದೆವು. ಈ ಸಲ ಬೀಳಲಿಲ್ಲ, ಪಾದ ಅಡ್ಡ ಇಟ್ಟು ಬೆರಳು ಒತ್ತಿ ನಡೆದೆ.

ಫ್ರಾಂಕ್‌ಫರ್ಟಿನಲ್ಲಿ ಮೋಡ ಹಾಗೇ ಇತ್ತು. ರಾತ್ರಿ ಊಟವಾದ ಮೇಲೆ ಅಮ್ಮ ಎಲೆ ಹಾಕಿಕೊಳ್ಳಲು ಸಂಚಿ ಬಿಚ್ಚಿದಳು. ಅಡಿಕೆ ಹೋಳಿನ ಜೊತೆ ಠಣ್ ಅಂತ ಮೇಜಿನ ಮೇಲೆ ಬಿತ್ತು, ಡ್ರಾಯರಿನಿಂದ ತೆಗೆದುಕೊಂಡಿದ್ದ ಆ ಎರಡನೇ ಚಾವಿ. ಮಾಲೀಕರಿಗೆ ಮೆಸೇಜು ಮಾಡಿದೆ, ನಗುವ ಮುಖ ಕಳಿಸಿ ಅಂಚೆಯಲ್ಲಿ ಹಾಕಿ ಅಂದರು. ಮರುದಿನ ದಪ್ಪ ಲಕೋಟೆ ತಂದು ವಿಳಾಸ ಬರೆದೆ. ಅಮ್ಮ ಚಾವಿಗೆ ಅಂಟಿದ ಸುಣ್ಣವನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದಳು.

"ಅಜ್ಜಿ ಹೆಸರಿಗೇ ಕಳಿಸು" ಅಂದಳು. "ಮೊಳೆ ಖಾಲಿ ಇರೋದಿಲ್ಲ."